ದೇವನಹಳ್ಳಿಯ ರನ್‌ವೇ ಏಕೆ ಅಷ್ಟು ಉದ್ದ?

ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. 2019ರಲ್ಲಿ ಬಳಕೆಗೆ ಬಂದ ಎರಡನೆಯ ರನ್‌ವೇ ಕೂಡ ಮೊದಲಿನದರಂತೆ 4,000 ಮೀಟರ್ ಉದ್ದ. ನಿಲ್ದಾಣಕ್ಕೆ ಸಂದ ನೆಲ ಸುಮಾರು 4,000 ಎಕರೆ. ಇಷ್ಟು ಉದ್ದವೇಕೆ ಎಂದು ನೀವು ಕೇಳಬಹುದು.

ಈ ಸ್ಥಳ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ. ಹಾಗಾಗಿ ರೆಕ್ಕೆಗೆ ಸಾಕಷ್ಟು ಎತ್ತುಬಲ ದೊರೆಯಲು ವಿಮಾನ ಹೆಚ್ಚು ವೇಗ ಗಳಿಸಬೇಕು. ಎಂಜಿನ್ನಿನ ನೂಕುಬಲವೋ ತಗ್ಗಿರುತ್ತದೆ. ಎರಡೂ ಸೇರಿದಾಗ, ಕಡಲತೀರದಲ್ಲಿ ಸಾಲುವುದಕ್ಕಿಂತ ಸುಮಾರು ಐದನೇ ಒಂದು ಭಾಗ ಹೆಚ್ಚು ಉದ್ದ ಬೇಕಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಇನ್ನೂ ಹೆಚ್ಚು.

ರನ್‌ವೇ ಗಿಡ್ಡವಾದರೆ ಭಾರ ಇಳಿಸಲೇಬೇಕು. ದೂರ ಪ್ರಯಾಣದ ಇಂಧನವನ್ನು ಇಳಿಸುವಂತಿಲ್ಲ, ಪ್ರಯಾಣಿಕರನ್ನು ಬಿಟ್ಟುಹೋಗುವುದು ಕಷ್ಟ. ಮೊದಲು ಕೆಳಗಿಳಿಯುವುದು ಸರಕು, ಎಂದರೆ ಹೊರದೇಶಕ್ಕೆ ಹೊರಟ ದೊಡ್ಡಬಳ್ಳಾಪುರದ ಗುಲಾಬಿ.