ಕತ್ತಾಳೆಯ ಕುಲಗಳು, ಮದ್ಯದ ರುಚಿಗಳು

ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ ಮುಳ್ಳುಮೊನೆಯ ಎಲೆಗಳನ್ನು ಚಾಚಿ ಬೇಲಿಯಾಗಿ ನಿಂತ ಕತ್ತಾಳೆಯನ್ನು ಕಾಣದವರು ವಿರಳ. ನಾವು ಅದರಿಂದ ಪಡೆದದ್ದು ಕಾವಲು ಮತ್ತು ಹಗ್ಗದ ನಾರು. ಆದರೆ ಕತ್ತಾಳೆಯ ತವರಾದ ಮೆಕ್ಸಿಕೊ ದೇಶದವರು ಅದರ ಬಂಧುಬಳಗದಿಂದ ಮದ್ಯವನ್ನೂ ಪಡೆದರು. ಆ ಮದ್ಯವೇ ಮೆಸ್ಕಾಲ್. ದ್ರಾಕ್ಷಿಯ ಜಾತಿಗೆ ತಕ್ಕಂತೆ ದ್ರಾಕ್ಷಾರಸದ ಗುಣ ಬೇರೆಯಾಗುವಂತೆ, ಕತ್ತಾಳೆಯ ಜಾತಿಗೆ ತಕ್ಕಂತೆ ಮೆಸ್ಕಾಲಿನ ಸ್ವಾದವೂ ಬೇರೆಯಾಗುತ್ತದೆ.

ಮೊದಲು ಅದನ್ನು ಮಾಡುವ ಬಗೆಯನ್ನು ನೋಡೋಣ. ಬಲಿತ ಗಿಡದಲ್ಲಿ ಹೂಗಂಬ ಮೇಲೇಳತೊಡಗಿದೊಡನೆ ಅದನ್ನು ಕತ್ತರಿಸುತ್ತಾರೆ. ಹೂವಿಗೆಂದು ಕೂಡಿಟ್ಟ ಸತ್ವ ಗಿಡದ ಒಡಲಲ್ಲಿಯೇ ಉಳಿಯುತ್ತದೆ. ಎಲೆಗಳನ್ನು ಸವರಿದ ಮೇಲೆ ಉಳಿಯುವ ದಿಂಡು ಅನಾನಸಿನಂತೆ ಕಾಣುವುದರಿಂದ ಅದಕ್ಕೆ ಆ ಹಣ್ಣಿನ ಹೆಸರೇ: ಪೀನ್ಯಾ. ವಾಹಾಕಾ ಪ್ರಾಂತದ ಹಳ್ಳಿಗಳಲ್ಲಿ ಇದನ್ನು ಕಾದ ಕಲ್ಲುಗಳ ಕುಳಿಯಲ್ಲಿಟ್ಟು, ಮಣ್ಣು ಮುಚ್ಚಿ, ಕೆಲವು ದಿನ ಬೇಯಿಸುತ್ತಾರೆ. ಬೆಂದಂತೆ ಸತ್ವವು ಸಕ್ಕರೆಯಾಗುತ್ತದೆ. ಹೊಗೆಯ ವಾಸನೆಯೂ ಸೇರುತ್ತದೆ. ಅದನ್ನು ಜಜ್ಜಿ, ಹುದುಗಿಸಿ, ಭಟ್ಟಿ ಇಳಿಸುತ್ತಾರೆ. ಟಕೀಲಾ ಇದರದೇ ದಾಯಾದಿ. ಆದರೆ ಅದಕ್ಕೆ ಸಲ್ಲುವುದು ನೀಲಿ ಕತ್ತಾಳೆಯೊಂದೇ. ಬಹುಮಟ್ಟಿಗೆ ಹಬೆಯಲ್ಲಿ ಬೇಯುವುದರಿಂದ ಹೊಗೆಯ ಸೋಂಕಿಲ್ಲ. ೧೯೭೪ರಲ್ಲಿ ಟಕೀಲಾ ಹೆಸರಿಗೂ ೧೯೯೪ರಲ್ಲಿ ಮೆಸ್ಕಾಲ್ ಹೆಸರಿಗೂ ಕಾನೂನಿನ ರಕ್ಷಣೆ ದೊರೆಯಿತು.

ಇನ್ನು ಸ್ವಾದದ ಮಾತು. ಎಸ್ಪಾದಿನ್ ಹೊಲದಲ್ಲಿ ಬೆಳೆಸುವ ಜಾತಿ. ಆರೆಂಟು ವರ್ಷಗಳಲ್ಲಿ ಬಲಿಯುತ್ತದೆ. ಇದರ ಮದ್ಯದಲ್ಲಿ ಸಿಹಿಯೂ ಹೊಗೆಯೂ ಹದವಾಗಿ ಬೆರೆತಿರುತ್ತವೆ. ತೊಬಲಾ ಬೆಟ್ಟದ ಪುಟ್ಟ ಗಿಡ. ಇದರಲ್ಲಿ ಹೂಹಣ್ಣುಗಳ ಪರಿಮಳ. ಕಂಬದಂತೆ ನಿಲ್ಲುವ ಮದ್ರೆಕ್ವಿಶೆಯಲ್ಲಿ ಒಣಮಣ್ಣಿನ ವಾಸನೆ. ಬಂಡೆಗಳ ಇಳಿಜಾರಿನಲ್ಲಿ ಬೇರೂರುವ ತೆಪೆಸ್ತಾತೆ ಬಲಿಯಲು ೨೫ ವರ್ಷ ಹಿಡಿಯುವುದುಂಟು. ಅದರಲ್ಲಿ ಹಸಿಮೆಣಸಿನಕಾಯಿ, ಕಾಡುಸೊಪ್ಪುಗಳ ಘಾಟು. ನೆಲ, ನೀರು, ಭಟ್ಟಿಯವನ ಕೈಗುಣಗಳೂ ಇದರೊಡನೆ ಕೂಡಿಕೊಳ್ಳುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಆದರೆ ಈ ವೈವಿಧ್ಯಕ್ಕೆ ಬೆಲೆಯುಂಟು. ಈ ಕತ್ತಾಳೆಗಳು ಹೂಬಿಡುವುದು ಒಮ್ಮೆ ಮಾತ್ರ, ಬಳಿಕ ಸಾಯುತ್ತವೆ. ಹೂಗಂಬವನ್ನು ಕಡಿದರೆ ಬೀಜವಿಲ್ಲ. ಮಕರಂದವನ್ನು ನೆಚ್ಚಿದ ಬಾವಲಿಗೆ ಆಹಾರವಿಲ್ಲ. ಮರಿಗಳಿಂದಲೇ ಬೆಳೆಸಿದ ನೀಲಿ ಕತ್ತಾಳೆಯ ತೋಟಗಳಲ್ಲಿ ಗಿಡಗಳೆಲ್ಲ ಒಂದೇ ಅಚ್ಚಿನವು. ರೋಗ ಬಂದರೆ ಎಲ್ಲಕ್ಕೂ ಬಂದೀತು. ತೊಬಲಾ, ತೆಪೆಸ್ತಾತೆಗಳಿಗೋ ಬೀಜವೇ ಮುಖ್ಯ ಆಧಾರ. ಬೇಡಿಕೆ ಏರಿದಂತೆ ಬೆಟ್ಟ ಬರಿದಾಗುತ್ತದೆ. ಇದನ್ನರಿತ ಕೆಲವು ಬೆಳೆಗಾರರು ಈಗ ಒಂದಿಷ್ಟು ಗಿಡಗಳನ್ನು ಹೂಬಿಡಲೆಂದೇ ಉಳಿಸುತ್ತಿದ್ದಾರೆ.

ನಮ್ಮ ಬೇಲಿಯ ಕತ್ತಾಳೆ ಹೂಗಂಬ ಎತ್ತಿದ್ದನ್ನು ಕಂಡಾಗ ಒಂದು ಗಳಿಗೆ ನಿಂತು ನೋಡಿ. ಅದು ಆ ಗಿಡದ ಜೀವಮಾನದ ಗಳಿಕೆ.