ಗಡಿಯಾಚೆಯ ಪಡೆ

೧೯೪೭ರಲ್ಲಿ ಗದಗಿನಲ್ಲಿ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿಯುವ ಪ್ರಯಾಣಿಕನು ಕೆಲವೇ ತಾಸುಗಳಲ್ಲಿ ಮೂರು ಸರ್ಕಾರಗಳ ನೆಲವನ್ನು ಹಾಯಬೇಕಾಗಿತ್ತು. ಗದಗು ಮುಂಬಯಿ ಪ್ರಾಂತದ್ದು. ಹೊಸಪೇಟೆ ಮದರಾಸು ಪ್ರಾಂತದ್ದು. ನಡುವಿನ ಕೊಪ್ಪಳ, ಗಿಣಿಗೇರಾ, ಮುನಿರಾಬಾದುಗಳು ಹೈದರಾಬಾದಿನ ನಿಜಾಮನ ಸೀಮೆ. ಆ ವರ್ಷದ ಆಗಸ್ಟ್ ೧೫ರಂದು ಈ ದಾರಿಯ ಎರಡು ತುದಿಗಳಲ್ಲಿಯೂ ತ್ರಿವರ್ಣ ಧ್ವಜವೇರಿತು. ನಡುವಣ ಸೀಮೆಯಲ್ಲಿ ಅದನ್ನೇ ಏರಿಸಹೊರಟವರಿಗಾಗಿ ಸೆರೆಮನೆ ಕಾದಿತ್ತು. ಹೈದರಾಬಾದ್ ಸಂಸ್ಥಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ವಾಮಿ ರಾಮಾನಂದ ತೀರ್ಥರು ಅಂದೇ ಬಂಧಿತರಾದರು.

ಇಂದಿನ ಕೊಪ್ಪಳ ಜಿಲ್ಲೆಯ ಮೂಲ ತಾಲ್ಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಆಗ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಜನರ ಮಾತು ಕನ್ನಡ. ಕಚೇರಿಯ ಮಾತು ಉರ್ದು. ರೈತನು ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳುವುದಕ್ಕೂ ಮತ್ತೊಬ್ಬರ ಬಾಗಿಲಿಗೆ ಹೋಗಬೇಕು. ಇದರ ಮೇಲೆ ಲೆವಿ ಧಾನ್ಯದ ವಸೂಲಿ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ದಂಡು ಊರೂರು ತಿರುಗತೊಡಗಿದ ಮೇಲೆ ದುಮ್ಮಾನವು ಭಯವಾಯಿತು. ನವೆಂಬರ್ ೨೯ರಂದು ನಿಜಾಮನಿಗೂ ಭಾರತ ಸರ್ಕಾರಕ್ಕೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ದಿಲ್ಲಿಯ ರಾಜಕಾರಣಕ್ಕೆ ಅದು ಉಸಿರಾಡಲು ದೊರೆತ ಅವಕಾಶ. ಗಡಿಯ ಹಳ್ಳಿಗಳಿಗೆ ಅಂಥ ಅವಕಾಶವೇನೂ ದೊರೆಯಲಿಲ್ಲ.

ಹೀಗೆ ಗಡಿಯಾಚೆ ಒಂದು ಪಡೆ ಹುಟ್ಟಿತು. ಅದಕ್ಕೆ ಸಮವಸ್ತ್ರವಿಲ್ಲ, ಸಂಬಳವಿಲ್ಲ. ಯಾವ ಸರ್ಕಾರದ ಪಟ್ಟಿಯಲ್ಲಿಯೂ ಅದರ ಹೆಸರಿಲ್ಲ. ನಿಜಾಮನ ಪೊಲೀಸರ ಕೈಗೆ ಸಿಗದಂತೆ ಮುಂಬಯಿ, ಮದರಾಸು ಪ್ರಾಂತಗಳ ನೆಲದಲ್ಲಿ ಬೀಡುಬಿಟ್ಟು ಗಡಿಯೊಳಗೆ ನುಗ್ಗಿ ಹಿಂದಿರುಗುವ ಈ ನೆಲೆಗಳಿಗೆ ಶಿಬಿರಗಳೆಂದು ಹೆಸರು. ಕೊಪ್ಪಳದ ಪಡುವಲಿಗೆ, ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಶಿಬಿರವಿತ್ತು. ಕುಷ್ಟಗಿ, ಯಲಬುರ್ಗಾಗಳ ಮಗ್ಗುಲಿಗೆ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಗಂಗಾವತಿಯ ಕಡೆಯವರಿಗೆ ತುಂಗಭದ್ರೆಯ ಆಚೆ ದಡದ ಕಂಪ್ಲಿ ಆಸರೆಯಾಯಿತು.

ಮುಂಡರಗಿಯ ಹೆಸರಿಗೂ ಕೊಪ್ಪಳದ ಕೋಟೆಗೂ ಹಳೆಯದೊಂದು ನಂಟುಂಟು. ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಹಮ್ಮಿಗೆಯ ಕೆಂಚನಗೌಡನೊಡನೆ ಇಂಗ್ಲಿಷರ ವಿರುದ್ಧ ದಂಗೆಯೆದ್ದು ಈ ಕೋಟೆಯನ್ನು ಹಿಡಿದನು. ಮೇಜರ್ ಹ್ಯೂಸನ ಸೈನ್ಯವು ಮುತ್ತಿತು. ಜೂನ್ ೧ರಂದು ಇಬ್ಬರೂ ಅಲ್ಲಿಯೇ ಮಡಿದರು. ಅಂದು ಕಾದಾಡಲು ಮುಂಡರಗಿಯವನು ಕೊಪ್ಪಳಕ್ಕೆ ಬಂದಿದ್ದನು. ತೊಂಬತ್ತು ವರ್ಷಗಳ ತರುವಾಯ ಕೊಪ್ಪಳದವರು ಅದಕ್ಕಾಗಿಯೇ ಮುಂಡರಗಿಗೆ ಹೋದರು.

ಶಿಬಿರಕ್ಕೆ ಬಂದವರು ಯಾರು? ಒಕ್ಕಲುಮಕ್ಕಳು, ಶಾಲೆ ಬಿಟ್ಟ ಹುಡುಗರು, ಅಂಗಡಿಯ ಗುಮಾಸ್ತರು, ಉಪಾಧ್ಯಾಯರು. ನೇಗಿಲು ಹಿಡಿದ ಕೈಗೆ ಬಂದೂಕು ಹಿಡಿಯಲು ಕಲಿಸಿದವರು ಸೈನ್ಯದಿಂದ ನಿವೃತ್ತರಾದವರು. ಬಂದೂಕುಗಳೂ ಎಷ್ಟಿದ್ದವು! ಮದ್ದು ತುಂಬಿ ಹಾರಿಸುವ ನಾಡಬಂದೂಕುಗಳು, ಕೈಯಾರೆ ಕಟ್ಟಿದ ಬಾಂಬುಗಳು, ಎಲ್ಲೋ ಕೆಲವು ಒಳ್ಳೆಯ ರೈಫಲುಗಳು. ಹಗಲೆಲ್ಲ ಕವಾಯತು, ಕತ್ತಲಾದ ಮೇಲೆ ಗಡಿ ದಾಟುವುದು. ಗುರಿಗಳಾದರೂ ನಿಜಾಮನ ಆಡಳಿತದ ಕೈಕಾಲುಗಳೇ: ಸುಂಕದ ನಾಕಾ, ಪೊಲೀಸು ಠಾಣೆ, ರಜಾಕಾರರ ನೆಲೆ, ಕಂದಾಯದ ದಫ್ತರ. ಅಬಕಾರಿ ಹುಟ್ಟುವಳಿಯನ್ನು ತಡೆಯಲೆಂದು ಈಚಲುಮರಗಳನ್ನು ಕಡಿಯುವುದೂ ಸಂಸ್ಥಾನದ ಚಳವಳಿಯ ಒಂದು ಅಂಗವಾಗಿತ್ತು. ನಾಕಾ ಸುಟ್ಟ ಸುದ್ದಿ ಪತ್ರಿಕೆಯಲ್ಲಿ ಒಂದು ಸಾಲಾಗಬಹುದು. ಆದರೆ ಸುಂಕದವನೂ ಜಮಾದಾರನೂ ಹೆದರಿ ಬಾರದಂತಾದ ಹಳ್ಳಿಯಲ್ಲಿ ರಾಜ್ಯಭಾರವೇ ನಿಂತುಹೋಗುತ್ತದೆ. ಈ ಪಡೆಯ ಬಲವಿದ್ದುದು ಅಲ್ಲಿ.

ಕಾದಾಟಕ್ಕಿಂತ ಹೆಚ್ಚಿನ ಹೊರೆ ಇನ್ನೊಂದಿತ್ತು. ರಜಾಕಾರರ ಹಾವಳಿಗೆ ಬೆದರಿ ಮಕ್ಕಳುಮರಿಗಳನ್ನೂ ದನಕರುಗಳನ್ನೂ ಕಟ್ಟಿಕೊಂಡು ಗಡಿ ದಾಟಿದ ಸಂಸಾರಗಳಿಗೆ ನೆಲೆ ಕಾಣಿಸಬೇಕು, ರೊಟ್ಟಿಗೆ ಜೋಳ ಒದಗಿಸಬೇಕು. ಇದಕ್ಕೆ ಆಧಾರ ಗಡಿಯಾಚೆಯ ಊರುಗಳ ಔದಾರ್ಯ. ಶಿಬಿರದ ಚರಿತ್ರೆಯನ್ನು ಬರೆಯುವವರು ಬಂದೂಕಿನ ಲೆಕ್ಕವನ್ನು ಉತ್ಸಾಹದಿಂದ ಕೊಡುತ್ತಾರೆ. ಜೋಳದ ಲೆಕ್ಕವನ್ನು ಕೊಡುವವರು ಕಡಮೆ.

ಈ ಕಲಹವನ್ನು ಎರಡು ಮತಗಳ ಜಗಳವೆಂದು ತಿಳಿಯುವುದು ಅನ್ಯಾಯವಾದೀತು. ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದೂ ರಜಾಕಾರರ ನಡತೆ ತಪ್ಪೆಂದೂ ಬರೆದುದಕ್ಕಾಗಿ ೧೯೪೮ರ ಆಗಸ್ಟಿನಲ್ಲಿ ಹೈದರಾಬಾದ್ ನಗರದಲ್ಲಿ ಕೊಲೆಯಾದ ಪತ್ರಿಕಾಕರ್ತ ಶೋಯೆಬುಲ್ಲಾ ಖಾನ್ ಮುಸಲ್ಮಾನನೇ. ಹಾಗೆಯೇ ನಿಜಾಮನ ಪತನದ ತರುವಾಯ ಸಂಸ್ಥಾನದ ಹಲವೆಡೆ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ನಡೆದ ಹಿಂಸೆಯೂ ಇತಿಹಾಸದಲ್ಲಿ ಸೇರಿದೆ. ಅದನ್ನು ವಿಚಾರಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸಮಿತಿಯೊಂದನ್ನು ಕಳುಹಿಸಬೇಕಾಯಿತು. ವಿಜಯದ ಕಥೆ ಹೇಳುವವರು ಈ ಪುಟವನ್ನು ಹಾರಿಸಿ ಓದುವಂತಿಲ್ಲ.

೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ನಾನಾ ದಿಕ್ಕುಗಳಿಂದ ಸಂಸ್ಥಾನವನ್ನು ಹೊಕ್ಕಿತು. ಹೊಸಪೇಟೆಯ ಕಡೆಯಲ್ಲಿಯೂ ತುಂಗಭದ್ರೆಯ ಸೇತುವೆಯ ಬಳಿಯಲ್ಲಿಯೂ ಕಾಳಗಗಳಾದವು. ೧೭ರಂದು ನಿಜಾಮನು ಶರಣಾಗತನಾದನು. ಮೇಜರ್ ಜನರಲ್ ಚೌಧರಿ ಸೈನಿಕ ರಾಜ್ಯಪಾಲರಾದರು. ವರ್ಷವೆಲ್ಲ ಶಿಬಿರಗಳು ನಡೆಸಿದ ಕಾರ್ಯದ ಮುಕ್ತಾಯ ಐದು ದಿನಗಳಲ್ಲಿ ಆಗಿಹೋಯಿತು. ಮುಂದೆ ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೬ರ ನವೆಂಬರ್ ೧ರಂದು ಈ ಸೀಮೆ ಕನ್ನಡ ರಾಜ್ಯವನ್ನು ಸೇರಿತು.

ಶಿಬಿರಗಳು ಕರಗಿದವು, ಬಂದವರು ಹೊಲಮನೆಗಳಿಗೆ ಮರಳಿದರು. ೧೯೫೨ರ ಪ್ರಥಮ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಜನರು ಶಿವಮೂರ್ತಿಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿದರು, ಅದೂ ಪಕ್ಷೇತರರನ್ನಾಗಿ. ಗಡಿಯ ಹಳ್ಳಿಗಳ ನೆನಪು ಆಗಿನ್ನೂ ಹಸಿಯಾಗಿತ್ತು.

ಸರ್ಕಾರದ ನೆನಪಿಗೆ ಮಾತ್ರ ಕಾಗದ ಬೇಕು. ಸ್ವಾತಂತ್ರ್ಯ ಯೋಧರಿಗೆ ಕೇಂದ್ರ ಸರ್ಕಾರದ ನಿವೃತ್ತಿವೇತನ ಆರಂಭವಾದುದು ೧೯೭೨ರಲ್ಲಿ. ಗಡಿಶಿಬಿರದವರು ಅದರೊಳಗೆ ಸೇರಲು ಇನ್ನೂ ವರ್ಷಗಳು ಹಿಡಿದವು. ಸೆರೆಮನೆ ಕಂಡವನ ಹೆಸರು ಜೈಲಿನ ಪುಸ್ತಕದಲ್ಲಿರುತ್ತದೆ. ಸೆರೆ ಸಿಕ್ಕದೆ ರಾತ್ರಿ ಗಡಿ ದಾಟಿ ಬೆಳಗಾಗುವುದರೊಳಗೆ ಮರಳುತ್ತಿದ್ದವನ ಹೆಸರನ್ನು ಯಾರು ಬರೆದಿಟ್ಟಾರು? ಬರೆದ ಹಾಳೆ ಶತ್ರುವಿನ ಕೈಗೆ ಸಿಕ್ಕಿದರೆ ಊರಿನಲ್ಲಿದ್ದ ಮನೆಮಂದಿಗೇ ಆಪತ್ತು. ಅಂದು ಪ್ರಾಣ ಕಾಪಾಡಿದ ಆ ಎಚ್ಚರಿಕೆಯೇ ಮುಪ್ಪಿನಲ್ಲಿ ಅರ್ಜಿಗೆ ಅಡ್ಡಿಯಾಗಿ ನಿಂತಿತು. ಕೊನೆಗೆ ಜೊತೆಯಲ್ಲಿದ್ದವನು ಕೊಟ್ಟ ಪ್ರಮಾಣಪತ್ರವೇ ಆಧಾರ. ಅದಕ್ಕಾದರೂ ಜೊತೆಯಲ್ಲಿದ್ದವನು ಬದುಕಿರಬೇಕಾಗಿತ್ತು.