ಮೇಕೆಗೊಂದು ತಕ್ಕಡಿ ಬೇಕು

ಒಂದು ಕೆ.ಜಿ. ಈರುಳ್ಳಿ ತಗೊಂಡರೂ ನಮ್ಮ ಕಣ್ಣು ತಕ್ಕಡಿ ಮೇಲಿರುತ್ತೆ. ಮಟನ್ ಅಂಗಡಿಯಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಜಗಳಕ್ಕೇ ನಿಲ್ತೀವಿ. ಆದರೆ ಆ ಮೇಕೆಯನ್ನು ವರ್ಷಗಟ್ಟಲೆ ಸಾಕಿದವರು ಮಾರುವಾಗ ಎಷ್ಟೋ ಕಡೆ ತಕ್ಕಡಿಯೇ ಇರೋದಿಲ್ಲ.

ಶಿರಾ, ಪಾವಗಡ, ಚಳ್ಳಕೆರೆ ಕಡೆಯ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟರೆ ಶೇಂಗಾ ಹೋಗುತ್ತೆ, ಮೇಕೆ ಉಳಿಯುತ್ತೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಬರಗಾಲದಲ್ಲಿ ಆ ಗಾದೆಯೇ ಬಡವರ ಬ್ಯಾಂಕು. ಆ ಬ್ಯಾಂಕಿನಿಂದ ದುಡ್ಡು ತೆಗೆಯುವಾಗಲೇ ತೊಂದರೆ. ವ್ಯಾಪಾರಿ ಬರ್ತಾನೆ, ಸೊಂಟ ಒತ್ತಿ ನೋಡ್ತಾನೆ, ಒಂದು ರೇಟು ಹೇಳ್ತಾನೆ. ಅವನು ದಿನಕ್ಕೆ ಹತ್ತಾರು ಮೇಕೆ ಕೊಳ್ಳುವವನು, ಅಂದಾಜು ತಪ್ಪೋದು ಕಡಿಮೆ. ಸಾಕಿದವಳು ವರ್ಷಕ್ಕೆ ಮೂರೋ ನಾಲ್ಕೋ ಮಾರುವವಳು.

ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಮಾತಾಡೋಕೆ ಬರಲ್ಲ. ಜೀವಂತ ತೂಕಕ್ಕೆ ಕೆ.ಜಿ.ಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. 25 ಕೆ.ಜಿ. ಮೇಕೆಯನ್ನು 22 ಅಂತ ಅಂದಾಜು ಕಟ್ಟಿದರೆ ಒಂದೇ ಮೇಕೆಗೆ 1,200 ರೂಪಾಯಿ ನಷ್ಟ. ನಾಲ್ಕು ಮೇಕೆಗೆ 4,800!

ಎರಡನೇ ನಷ್ಟ, ಮಾರುವ ಹೊತ್ತಿನದು. ಬಿತ್ತನೆ ಬೀಜ, ಶಾಲೆ ಫೀಸು, ಆಸ್ಪತ್ರೆ ಅಂತ ಅವಸರಕ್ಕೆ ಮಾರಿದರೆ ವ್ಯಾಪಾರಿ ಹೇಳಿದ್ದೇ ಬೆಲೆ. ಬೇಡಿಕೆ ಏರೋದು ಹೊಸತೊಡಕು, ಊರಹಬ್ಬ, ಬಕ್ರೀದ್‌ಗೆ. ಬಕ್ರೀದ್‌ಗೆ ವರ್ಷ ತುಂಬಿದ, ಊನವಿಲ್ಲದ ಮೇಕೆಯೇ ಬೇಕು. ಗಬ್ಬದ ಅವಧಿ ಐದು ತಿಂಗಳು. ಅಂದರೆ ಹಬ್ಬಕ್ಕೆ ಹದಿನೇಳು ತಿಂಗಳು ಮೊದಲೇ ಲೆಕ್ಕ ಶುರುವಾಗಬೇಕು. ಹಬ್ಬವೂ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತೆ, ಅದೂ ನೆನಪಿರಲಿ.

ಮೂರನೇದು, ಮಾರೋಕೆ ಮೊದಲೇ ಸಾಯುವ ಮರಿಗಳು. ಆಡುಗಳ ಪ್ಲೇಗ್ ಅನ್ನುವ ಪಿಪಿಆರ್ ರೋಗಕ್ಕೆ ಒಮ್ಮೆ ಲಸಿಕೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ. ಕರುಳು ಬೇನೆಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಜೊತೆಗೆ ಜಂತುಹುಳುವಿನ ಔಷಧಿ. ದುಬಾರಿಯಲ್ಲ, ಆದರೆ ಹೊತ್ತಿಗೆ ಸರಿಯಾಗಿ ಮನೆ ಬಾಗಿಲಿಗೆ ಬರಬೇಕು.

ಸರ್ಕಾರ ಏನು ಮಾಡ್ತಿದೆ? ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಕುರಿ-ಮೇಕೆ ಘಟಕಕ್ಕೆ ಶೇ. 50ರಷ್ಟು ಬಂಡವಾಳ ಸಬ್ಸಿಡಿ ಕೊಡುತ್ತೆ, ಗರಿಷ್ಠ 50 ಲಕ್ಷ. ಒಳ್ಳೇದೇ. ಆದರೆ ಅದರ ಅತಿ ಚಿಕ್ಕ ಘಟಕವೇ 100 ಹೆಣ್ಣು, 5 ಗಂಡು! ಐದು ಮೇಕೆ ಇಟ್ಟುಕೊಂಡ ತಾಯಿ ಆ ಬಾಗಿಲನ್ನು ತಟ್ಟೋದಾದರೂ ಹೇಗೆ?

ಅವಳಿಗೆ ಬೇಕಾದದ್ದು ಸಣ್ಣದು. ಊರಿಗೊಂದು ತೂಗುವ ತಕ್ಕಡಿ. ಲಸಿಕೆಯ ದಿನ ನೆನಪಿಸಿ ಹಾಕಿಸುವ ಒಬ್ಬ ಪಶುಸಖಿ. ಇಪ್ಪತ್ತು ಮನೆಯವರು ಸೇರಿ ಒಂದೇ ದಿನ ಮಾರುವ ಸಂಘ. ಒಂದು ಮೇಕೆಗೆ ಬರುವ ವ್ಯಾಪಾರಿ ಒಬ್ಬ. ನಲವತ್ತು ಮೇಕೆ ಒಟ್ಟಿಗೆ ನಿಂತರೆ ನಾಲ್ಕು ಜನ ವ್ಯಾಪಾರಿಗಳು ಲಾರಿ ತರ್ತಾರೆ, ಅವರವರೇ ಪೈಪೋಟಿಗೆ ಬೀಳ್ತಾರೆ. ಕಷ್ಟಕ್ಕೆ ಸಿಕ್ಕಿದವರಿಗೆ ಸಂಘವೇ ಸಣ್ಣ ಸಾಲ ಕೊಟ್ಟರೆ ಮೇಕೆ ಹಬ್ಬದವರೆಗೂ ಕೊಟ್ಟಿಗೆಯಲ್ಲೇ ಉಳಿಯುತ್ತೆ.

ಗ್ರಾಮ ಪಂಚಾಯ್ತಿ ಸದಸ್ಯರೇ, ನಿಮ್ಮೂರ ಸಂತೆಯಲ್ಲಿ ಮೇಕೆ ತೂಗುವ ತಕ್ಕಡಿ ಇದೆಯಾ? ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಕೇಳಿ.